ಒಂದು ದಿನದ ಜಾಥಾ, ಒಂದೊಂದೇ ಸಿಗರೇಟು

ಸಂಪಾದಕರಿಗೆ,

ಮಾನ್ಯರೇ,

ಮೇ 31 ಬಂತೆಂದರೆ ಶಿವಮೊಗ್ಗದಲ್ಲೂ ತಾಲ್ಲೂಕು ಕೇಂದ್ರಗಳಲ್ಲೂ ವಿಶ್ವ ತಂಬಾಕು ರಹಿತ ದಿನದ ಜಾಥಾ ಹೊರಡುತ್ತದೆ. ಬ್ಯಾನರು, ಘೋಷಣೆ, ಪ್ರತಿಜ್ಞೆ, ಮರುದಿನ ಪತ್ರಿಕೆಯಲ್ಲೊಂದು ಫೋಟೊ. ಆದರೆ ಅದು ನಮ್ಮ ಶಾಲೆಗಳ ಬಾಗಿಲು ಆಗಷ್ಟೇ ತೆರೆಯುವ ವಾರ. ಪಿಯುಸಿ, ಐಟಿಐ, ಡಿಪ್ಲೊಮಾ ಸೇರುವವರಿಗೆ ಅರ್ಜಿ, ಶುಲ್ಕ, ಹಾಸ್ಟೆಲ್ ಸೀಟಿನ ಗಡಿಬಿಡಿ. ಇನ್ನು ಹತ್ತು ಹದಿನೈದು ದಿನಕ್ಕೆ ಮಳೆ ಹಿಡಿಯುತ್ತದೆ. ಮಾತು ಯಾರ ಕಿವಿಗೆ ಬೀಳಬೇಕೋ ಆ ಹುಡುಗ ಅಂದು ಬೀದಿಯಲ್ಲೂ ಇಲ್ಲ, ತರಗತಿಯಲ್ಲೂ ಇಲ್ಲ. ಹೀಗಾಗಿ ಒಂದು ದಿನದ ಜಾಥಾಕ್ಕೆ ಪ್ರಚಾರ ಎಂಬ ಹೆಸರು ಹೊಂದುವುದಿಲ್ಲ.

ಹದಿಹರೆಯದವರು ಮೊದಲ ಸಿಗರೇಟು ಹಚ್ಚದಂತೆ ಮಾಧ್ಯಮ ಪ್ರಚಾರ ತಡೆಯಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿಲ್ಲ. ಜಗತ್ತಿನ ಅಧ್ಯಯನಗಳನ್ನು ಜರಡಿ ಹಿಡಿದ ಕೊಕ್ರೇನ್ ವಿಮರ್ಶೆ, 2017ರ ಪರಿಷ್ಕರಣೆಯಲ್ಲಿ, ಕಟ್ಟುನಿಟ್ಟಿನ ಮಾನದಂಡಕ್ಕೆ ನಿಂತ 8 ಅಧ್ಯಯನಗಳನ್ನಷ್ಟೇ ಉಳಿಸಿಕೊಂಡಿತು. ಫಲ ಕಂಡದ್ದು 3ರಲ್ಲಿ. ಅವು ಗೆದ್ದ ರೀತಿಯಲ್ಲಿ ಸಾಮ್ಯವಿದೆ: ಕನಿಷ್ಠ ಮೂರು ವರ್ಷ ಎಡೆಬಿಡದೆ ಮಾತು ಮುಟ್ಟಿಸಿದವು, ಒಂದಕ್ಕಿಂತ ಹೆಚ್ಚು ಮಾಧ್ಯಮ ಬಳಸಿದವು, ತರಗತಿಯ ಪಾಠವನ್ನೂ ಜೊತೆಗಿಟ್ಟುಕೊಂಡವು. ಅಮೆರಿಕದ ವರ್ಮಾಂಟ್ ತಂಡ 1980ರ ದಶಕದಲ್ಲಿ ಕೆಲವು ಊರುಗಳಲ್ಲಿ ತರಗತಿ ಪಾಠವನ್ನಷ್ಟೇ, ಇನ್ನು ಕೆಲವು ಊರುಗಳಲ್ಲಿ ಪಾಠದ ಜೊತೆ ನಾಲ್ಕು ವರ್ಷ ಟಿವಿ–ರೇಡಿಯೊ ಪ್ರಚಾರವನ್ನೂ ನಡೆಸಿತು. ಕೊನೆಯಲ್ಲಿ ವಾರದೊಳಗೆ ಸೇದಿದ್ದೇವೆ ಎಂದ ಮಕ್ಕಳು ಪಾಠ ಮಾತ್ರ ಇದ್ದ ಕಡೆ ಶೇ 19.8, ಎರಡೂ ಇದ್ದ ಕಡೆ ಶೇ 12.8. ನಮ್ಮಲ್ಲಿ ಪಾಠ ಒಂದು ಇಲಾಖೆಯದು, ಪೋಸ್ಟರು ಇನ್ನೊಂದು ಇಲಾಖೆಯದು. ಎರಡರ ಮಾತೂ ಬೇರೆ ಬೇರೆ.

ಯಾವ ವಯಸ್ಸಿನವರಿಗೆ ಹೇಳಬೇಕು? 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಂತೆ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸುತ್ತಿರುವವರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಶೇ 1.2. ಅದೇ ಕರ್ನಾಟಕದ ವಯಸ್ಕರಲ್ಲಿ 2016–17ರ ಸಮೀಕ್ಷೆ ಕಂಡದ್ದು ಶೇ 22.8, ಸೇದುವವರನ್ನು ಮಾತ್ರ ಎಣಿಸಿದರೂ ಶೇ 8.8. ಶಾಲೆ ಬಿಟ್ಟವರು ಮೊದಲ ಲೆಕ್ಕದಲ್ಲಿಲ್ಲ, ಮಕ್ಕಳು ಇದ್ದದ್ದನ್ನು ಬರೆಯಲು ಹಿಂಜರಿಯುತ್ತಾರೆ ಎಂದು ಎಷ್ಟು ಕಳೆದರೂ ಅಂತರ ತುಂಬುವುದಿಲ್ಲ. ತಂಬಾಕು ಶುರುವಾಗುವ ಸರಾಸರಿ ವಯಸ್ಸು ದೇಶದಲ್ಲಿ 18.9 ಎಂದು ಆ ವಯಸ್ಕರ ಸಮೀಕ್ಷೆಯೇ ಹೇಳುತ್ತದೆ. ಮಲೆನಾಡಿನ ಲೆಕ್ಕದಲ್ಲಿ ಹೇಳಬೇಕೆಂದರೆ, ಎಸ್ಸೆಸ್ಸೆಲ್ಸಿ ಮುಗಿಸಿ ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಸಾಗರಕ್ಕೋ ಶಿವಮೊಗ್ಗಕ್ಕೋ ಬಂದು ಹಾಸ್ಟೆಲ್, ಪಿಜಿ, ಬಾಡಿಗೆ ಕೋಣೆ ಹಿಡಿಯುವ 16ರಿಂದ 20ರ ಹುಡುಗರು. ಜೇಬಿನಲ್ಲಿ ಸ್ವಂತ ಖರ್ಚಿನ ದುಡ್ಡು. ‘ನೀನು ಇಂಥವರ ಮಗ ಅಲ್ವೇನೋ’ ಎಂದು ಕೇಳುವ ಅಂಗಡಿಯವನಿಲ್ಲದ ಊರು. ನಮ್ಮ ಗೋಡೆಬರಹಗಳಲ್ಲಿ ಬಹುಪಾಲು ಇರುವುದು ಪ್ರಾಥಮಿಕ ಶಾಲೆಯ ಕಾಂಪೌಂಡಿನ ಮೇಲೆ.

ಆ ಹುಡುಗ ಕೊಳ್ಳುವುದಾದರೂ ಏನನ್ನು? ಪ್ಯಾಕನ್ನಲ್ಲ, ಒಂದು ಸಿಗರೇಟನ್ನು. 2016ರ ಏಪ್ರಿಲಿನಿಂದ ಪ್ಯಾಕಿನ ಎರಡೂ ಮುಖದ ಶೇ 85 ಭಾಗ ಎಚ್ಚರಿಕೆಯ ಚಿತ್ರಕ್ಕೆ ಮೀಸಲು. 2018ರ ಸೆಪ್ಟೆಂಬರಿನಿಂದ ಬಿಡಲು ನೆರವಾಗುವ 1800-11-2356 ಸಂಖ್ಯೆಯೂ ಅದರ ಮೇಲೇ ಇದೆ. ಗೂಡಂಗಡಿಯವನು ಪ್ಯಾಕಿನಿಂದ ಒಂದನ್ನು ಎಳೆದು ಕೊಟ್ಟು ಪ್ಯಾಕನ್ನು ಒಳಗಿಟ್ಟುಕೊಂಡರೆ ಆ ಶೇ 85 ಭಾಗ ಕಾಣುವುದು ಅಂಗಡಿಯವನಿಗೆ ಮಾತ್ರ. ಕೈಗೆ ಬಂದ ಬಿಳಿ ಕಡ್ಡಿಯ ಮೇಲೆ ಯಾವ ಎಚ್ಚರಿಕೆಯೂ ಇಲ್ಲ. ದೇಶದ ಅತ್ಯಂತ ವ್ಯಾಪಕವಾದ ತಂಬಾಕು ವಿರೋಧಿ ಪ್ರಚಾರ ಹೊಸಬನನ್ನು ಮುಟ್ಟದೆ ಉಳಿಯುವುದು ಇಲ್ಲಿ.

ತಂಬಾಕು ನಿಯಂತ್ರಣ ಕಾಯ್ದೆಗೆ 2025ರ ಮೇ ಕೊನೆಯಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಈ ಕಿಂಡಿಯನ್ನೇ ಮುಚ್ಚುತ್ತದೆ. ಬಿಡಿಯಾಗಿ ಮಾರುವಂತಿಲ್ಲ, 21 ತುಂಬದವರಿಗೆ ಮಾರುವಂತಿಲ್ಲ, ಶಿಕ್ಷಣ ಸಂಸ್ಥೆಯಿಂದ 100 ಮೀಟರಿನೊಳಗೆ ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ, ಹುಕ್ಕಾ ಬಾರ್ ಪೂರ್ತಿ ನಿಷಿದ್ಧ. ಈ ಸುದ್ದಿ ಬೀಡಾ ಅಂಗಡಿಯ ಹಲಗೆಯವರೆಗೆ ಇಳಿಯಬೇಕು. ಅಂಗಡಿಯಲ್ಲಿ ಹಾಕಬೇಕಾದ ವಯಸ್ಸಿನ ಫಲಕದ ಕನಿಷ್ಠ ಅಳತೆ 60 ಸೆಂ.ಮೀ.ಗೆ 30 ಸೆಂ.ಮೀ. ಅದರಲ್ಲಿ ಇನ್ನೂ 18 ಎಂದಿದ್ದರೆ ಅಂಗಡಿಯವನಿಗೂ ಗೊಂದಲ, ದಂಡ ಹಾಕಲು ಬಂದವರಿಗೂ ಗೊಂದಲ. ಪ್ರಚಾರದ ಮೊದಲ ತಿಂಗಳ ಕೆಲಸ ಫಲಕ ಬದಲಿಸುವುದೇ ಆಗಲಿ. ತಂಬಾಕು ಮಾರಬಾರದ ಗಡಿ ತೋರಿಸಲು ಶಾಲೆಯ ಮುಂದಿನ ರಸ್ತೆಗೆ ಬಳಿಯುವ ಹಳದಿ ಗೆರೆಯ ಬಗ್ಗೆಯೂ ಒಂದು ಮಾತು: ನಮ್ಮ ಮಳೆಗೆ ಅದು ಆಗಸ್ಟಿನ ಹೊತ್ತಿಗೆ ಪಾಚಿಯಡಿ ಹೋಗಿರುತ್ತದೆ. ಬಳಿಯುವುದಿದ್ದರೆ ದಸರಾ ಕಳೆದ ಮೇಲೆ ಬಳಿಯಿರಿ.

ಕಾನೂನಿನ ಮಾತನ್ನು ಅಂಗಡಿಯವನಿಗೆ ಮಾತ್ರ ಹೇಳಬೇಕು, ಹುಡುಗನಿಗೆ ಹೇಳಬಾರದು. ‘21ರೊಳಗೆ ಸೇದುವಂತಿಲ್ಲ’ ಎಂದು ಕಾಲೇಜಿನ ಗೋಡೆಗೆ ಅಂಟಿಸಿದರೆ ಹುಡುಗ ಓದಿಕೊಳ್ಳುವುದು ‘ಇದು ದೊಡ್ಡವರ ವಸ್ತು’ ಎಂದು. ದೊಡ್ಡವನಾಗುವ ಆತುರವಿರುವವನಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ. 1998ರಲ್ಲಿ ಅಮೆರಿಕದ ಸಿಗರೇಟ್ ಕಂಪನಿ ಫಿಲಿಪ್ ಮಾರಿಸ್ ಮಕ್ಕಳಿಗಾಗಿ ‘ಥಿಂಕ್, ಡೋಂಟ್ ಸ್ಮೋಕ್’ ಎಂಬ ಪ್ರಚಾರ ಶುರು ಮಾಡಿತು. ಯೋಚಿಸು, ಸೇದಬೇಡ ಎಂಬ ಸಭ್ಯ ಉಪದೇಶ. ರೋಗದ ಮಾತಿಲ್ಲ, ಚಟದ ಮಾತಿಲ್ಲ, ಕಂಪನಿಯ ಮಾತಂತೂ ಇಲ್ಲವೇ ಇಲ್ಲ. ಅದನ್ನು ನೋಡಿದ ಮಕ್ಕಳಲ್ಲಿ ತಂಬಾಕು ಕಂಪನಿಗಳ ಬಗ್ಗೆ ಒಳ್ಳೆಯ ಭಾವನೆ ಹೆಚ್ಚಿತ್ತು ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ಕಾಲದಲ್ಲಿ ಫ್ಲಾರಿಡಾದಲ್ಲಿ ಹುಟ್ಟಿ 2000ದಲ್ಲಿ ದೇಶವ್ಯಾಪಿಯಾದ ‘ಟ್ರೂತ್’ ಪ್ರಚಾರ ಸೇದಬೇಡ ಎಂದು ಹೇಳುವ ಗೋಜಿಗೇ ಹೋಗಲಿಲ್ಲ. ಅಮೆರಿಕದಲ್ಲಿ ತಂಬಾಕಿನಿಂದ ದಿನಕ್ಕೆ ಸಾಯುವ 1,200 ಜನರ ಲೆಕ್ಕದಲ್ಲಿ ಅಷ್ಟೇ ಹೆಣದ ಚೀಲಗಳನ್ನು ಕಂಪನಿಯ ಕಚೇರಿಯ ಮುಂದೆ ಹುಡುಗರೇ ತಂದು ಒಟ್ಟಿದರು, ಕ್ಯಾಮೆರಾ ನೋಡುತ್ತಿತ್ತು. 1999ರಿಂದ 2002ರೊಳಗೆ ಅಲ್ಲಿನ ವಿದ್ಯಾರ್ಥಿಗಳಲ್ಲಿ ಧೂಮಪಾನ ಶೇ 25.3ರಿಂದ ಶೇ 18ಕ್ಕೆ ಇಳಿಯಿತು. ಆ ಇಳಿಕೆಯ ಶೇ 22ರಷ್ಟು ಪಾಲು ಈ ಪ್ರಚಾರದ್ದೆಂದು ಸಂಶೋಧಕರು ಲೆಕ್ಕ ಹಾಕಿದರು. ಹದಿಹರೆಯದ ಬಂಡಾಯವನ್ನು ಅಡಗಿಸಲು ಹೋಗದೆ ಅದರ ಮೂತಿಯನ್ನು ಕಂಪನಿಯತ್ತ ತಿರುಗಿಸಿದ್ದೇ ಅದರ ಜಾಣತನ.

ಇನ್ನು ಹೆದರಿಸುವ ಚಿತ್ರಗಳು. 2012ರ ಅಕ್ಟೋಬರ್ 2ರಿಂದ ಸಿನಿಮಾದ ಆರಂಭದಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಸಂದೇಶ ಕಡ್ಡಾಯ. 2023ರ ಸೆಪ್ಟೆಂಬರಿನಿಂದ ಒಟಿಟಿಗೂ. ಬಾಯಿ ಹುಣ್ಣಾದ ರೋಗಿಯ ಮುಖ ಈಗಾಗಲೇ ಸೇದುವ ನಲವತ್ತರವನನ್ನು ಬಿಡುವ ಯೋಚನೆಗೆ ತಳ್ಳುತ್ತದೆ, ಅದು ವ್ಯರ್ಥವಲ್ಲ. ಹದಿನೇಳರ ಹುಡುಗನಿಗೆ ಅದು ಬೇರೆ ಯಾರದೋ ಮುಖ. ಅವನು ಆ ಧ್ವನಿಯನ್ನು ಅಣಕಿಸಿ ರೀಲ್ಸ್ ಮಾಡುತ್ತಾನೆ. ಮೂವತ್ತು ವರ್ಷದ ಮೇಲೆ ಬರುವ ಕ್ಯಾನ್ಸರಿಗಿಂತ ಈ ವಾರ ಆಗುವುದೇ ಅವನಿಗೆ ತಾಗುವ ಮಾತು.

ಮಲೆನಾಡಿನಲ್ಲಿ ಅಂಥ ಮಾತಿಗೆ ಬರವಿಲ್ಲ. ಮೊದಲನೆಯದು ಚಳಿ. ಜಡಿಮಳೆಯಲ್ಲಿ ನೆನೆದು ಬಂದವನಿಗೆ ‘ಒಂದ್ ದಮ್ ಎಳಿ, ಮೈ ಬೆಚ್ಚಗಾಗುತ್ತೆ’ ಎನ್ನುವ ಗೆಳೆಯ ಎಲ್ಲ ಹಾಸ್ಟೆಲಿನಲ್ಲೂ ಇರುತ್ತಾನೆ. ಆಗುವುದು ತಿರುಗಾಮುರುಗಾ. ನಿಕೋಟಿನ್ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಬೆರಳ ತುದಿಗೆ ಹೋಗುವ ರಕ್ತ ತಗ್ಗಿ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಬಿಸಿ ಇದ್ದದ್ದು ಇನ್ನೊಂದು ಕೈಯಲ್ಲಿದ್ದ ಚಾ ಲೋಟದಲ್ಲಿ. ‘ಬೆಚ್ಚಗಾಗಿಸಿದ್ದು ಚಾ, ಹೆಸರು ಸಿಗರೇಟಿಗೆ’ ಎಂಬ ಒಂದೇ ಸಾಲು ಸಾಕು, ಜುಲೈ ಇಡೀ ಓಡಿಸಬಹುದು. ಎರಡನೆಯದು ವಾಲಿಬಾಲ್, ಕಬಡ್ಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಊರ ಟೂರ್ನಮೆಂಟಿನ ಮೂರನೇ ಸೆಟ್ಟಿನಲ್ಲಿ ಏದುಸಿರು ಬರುವುದಕ್ಕೆ ಕ್ಯಾನ್ಸರ್ ಆಗುವವರೆಗೆ ಕಾಯಬೇಕಿಲ್ಲ. ಮೂರನೆಯದು ‘ಯಾವಾಗಲೋ ಒಂದು, ಚಟ ಏನಿಲ್ಲ’ ಎಂಬ ಧೈರ್ಯ. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಎಳೆಯ ಮಿದುಳಿನಲ್ಲಿ ಚಟದ ಲಕ್ಷಣಗಳು ದಿನಾ ಸೇದುವ ಹಂತಕ್ಕೆ ಮೊದಲೇ ತೋರಬಹುದು: ಪರೀಕ್ಷೆಯ ಹೊತ್ತಿಗೆ ಸಿಡಿಮಿಡಿ, ಕೈ ತಾನಾಗಿ ಜೇಬಿಗೆ ಹೋಗುವುದು. ದುಡ್ಡಿನ ಲೆಕ್ಕವೂ ನಾಟುತ್ತದೆ. ಅಂಗಡಿಯ ಇಂದಿನ ದರವನ್ನು 365ರಿಂದ ಗುಣಿಸಿ ಬರೆಯಿರಿ. ದರ ಏರಿದಾಗ ಪೋಸ್ಟರೂ ಬದಲಾಗಲಿ, ಹಳೆ ದರ ಕಂಡರೆ ಉಳಿದ ಮಾತನ್ನೂ ನಂಬುವುದಿಲ್ಲ. ವೇಪ್ (ಇ-ಸಿಗರೇಟು) ‘ಬರೀ ಆವಿ’ ಎನ್ನುವವರಿಗೆ ಒಂದೇ ವಾಕ್ಯ: ಅದರಲ್ಲೂ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ, 2019ರಿಂದ ದೇಶದಲ್ಲಿ ಅದರ ಮಾರಾಟವೇ ಅಪರಾಧ.

ಕೆಡಿಸುವ ಸಂಗತಿಗಳೂ ಇವೆ. ‘ಯುವಜನರಲ್ಲಿ ಹೆಚ್ಚುತ್ತಿರುವ ಧೂಮಪಾನ’ ಎಂಬ ತಲೆಬರಹ ಎಚ್ಚರಿಕೆಯಂತೆ ಕಾಣುತ್ತದೆ. ಹುಡುಗನ ತಲೆಯಲ್ಲಿ ಉಳಿಯುವುದು ‘ಎಲ್ಲರೂ ಸೇದುತ್ತಾರೆ, ನಾನೊಬ್ಬ ಉಳಿದೆ’ ಎಂದು. ಸೇದುವ ಗೆಳೆಯರ ಸಂಖ್ಯೆಯನ್ನು ಹದಿಹರೆಯದವರು ಇರುವುದಕ್ಕಿಂತ ಹೆಚ್ಚೆಂದೇ ಊಹಿಸುತ್ತಾರೆ. ಆ ಕಾಲೇಜಿನಲ್ಲೇ ಹೆಸರಿಲ್ಲದ ಚೀಟಿಯಲ್ಲಿ ಕೇಳಿ, ಸೇದದವರ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹಾಕುವುದು ಹೆಚ್ಚು ಫಲಕಾರಿ. ಉರಿಯುವ ಸಿಗರೇಟು, ಸುರುಳಿ ಹೊಗೆ, ತುಟಿಗಿಟ್ಟ ಕೈಯ ಚಿತ್ರ ಬೇಡ. ಆಸೆ ಕೆರಳಿಸುವ ಸೂಚನೆಗಳು ಅವೇ. ಸಿಗರೇಟು, ಗುಟ್ಕಾ, ಸಾರಾಯಿ, ಗಾಂಜಾ, ಮೊಬೈಲು ಎಲ್ಲವನ್ನೂ ‘ದುಶ್ಚಟ’ ಎಂದು ಒಂದೇ ಫ್ಲೆಕ್ಸಿಗೆ ತುರುಕಿದರೆ ಯಾವುದೂ ನೆನಪಿನಲ್ಲಿ ನಿಲ್ಲದು. ಕವಳಕ್ಕೆ (ಎಲೆ ಅಡಿಕೆಗೆ) ಹೊಗೆಸೊಪ್ಪು ಹಾಕುವ ಅಜ್ಜ ಅಜ್ಜಿಯರಿರುವ ಸೀಮೆ ಇದು. ಅವರನ್ನು ಹೀಯಾಳಿಸುವ ಧಾಟಿ ಬಂದ ಕೂಡಲೇ ಮನೆಮಂದಿಯೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ. ಹೊಗೆಸೊಪ್ಪಿನಿಂದಾಗುವ ಹಾನಿ ಕಡಿಮೆಯೆಂದಲ್ಲ, ಅದಕ್ಕೆ ಬೇರೆಯೇ ಪ್ರಚಾರ ಬೇಕು.

ಮಾಧ್ಯಮದ ಆಯ್ಕೆ ನಮ್ಮ ಋತುಮಾನಕ್ಕೆ ಹೊಂದಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಯಲಲ್ಲಿ ಕಟ್ಟಿದ ಫ್ಲೆಕ್ಸು ಗಾಳಿಗೆ ಹರಿಯುತ್ತದೆ, ಕರೆಂಟು ಹೋದರೆ ಟಿವಿ ಇಲ್ಲ. ಆಗ ಉಳಿಯುವುದು ರೇಡಿಯೊ, ಬಸ್ಸು, ಫೋನು. ಭದ್ರಾವತಿ ಆಕಾಶವಾಣಿಗೆ 30 ಸೆಕೆಂಡಿನ ತುಣುಕು ಬರೆಯುವವರು 50–55 ಪದ ದಾಟಬಾರದು. ದಾಟಿದರೆ ಓದುವವರು ಓಡುತ್ತಾರೆ. ಒಂದು ತುಣುಕಿಗೆ ಒಂದೇ ವಿಚಾರ. ಸಹಾಯವಾಣಿಯ ಹತ್ತಂಕಿ ಸಂಖ್ಯೆಯನ್ನು ಎರಡು ಸಲ ಹೇಳಿದರೆ ಮೂರನೇ ಒಂದು ಭಾಗ ಸಮಯ ಅದಕ್ಕೇ ಹೋಗುತ್ತದೆ. ಇನ್ನೂ ಶುರುವೇ ಮಾಡದವನಿಗೆ ಅದರ ಅಗತ್ಯವೂ ಇಲ್ಲ.

ಬಸ್ಸನ್ನು ಯಾಕೆ ಯಾರೂ ಬಳಸುವುದಿಲ್ಲವೋ ತಿಳಿಯದು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ. ಆನಂದಪುರ, ಆಯನೂರು, ರಿಪ್ಪನ್‌ಪೇಟೆ ಕಡೆಯಿಂದ ದಿನಾ ಓಡಾಡುವ ವಿದ್ಯಾರ್ಥಿಗಳು ಖಾಸಗಿ ಬಸ್ಸಿನಲ್ಲಿ ನಿಂತೇ ಗಂಟೆಗಟ್ಟಲೆ ಕಳೆಯುತ್ತಾರೆ, ಡ್ರೈವರನ ಪೆನ್ ಡ್ರೈವಿನ ಹಾಡು ಕೇಳುತ್ತಾರೆ. ಮಾಲೀಕರೊಂದಿಗೆ ಮಾತಾಡಿ ಆ ಪೆನ್ ಡ್ರೈವಿಗೆ ಮೂರು ಬೇರೆ ಬೇರೆ ತುಣುಕು ಸೇರಿಸಿದರೆ ಹೋಗುವಾಗೊಂದು, ಬರುವಾಗೊಂದು ಕಿವಿಗೆ ಬೀಳುತ್ತದೆ. ಒಂದೇ ತುಣುಕನ್ನು ತಿಂಗಳುಗಟ್ಟಲೆ ಹಾಕಿದರೆ ಕಿರಿಕಿರಿಯಾಗಿ ಅಣಕಕ್ಕೆ ಗುರಿಯಾಗುತ್ತದೆ. 8–10 ವಾರಕ್ಕೊಮ್ಮೆ ತುಣುಕು ಬದಲಿಸಿ, ತಿರುಳು ಅದೇ ಇರಲಿ. ಪೋಸ್ಟರನ್ನು ಸೀಟಿನ ಬೆನ್ನಿಗೆ, ತಂಗುದಾಣದ ಒಳಗೋಡೆಗೆ, ಹಾಸ್ಟೆಲ್ ಮೆಸ್ಸಿನಲ್ಲಿ ಕೈತೊಳೆಯುವ ಜಾಗಕ್ಕೆ ಅಂಟಿಸಿ, ಮಳೆ ತಾಗದು. ರೀಲ್ಸ್ ಆದರೆ 15 ಸೆಕೆಂಡು. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬೆರಳು ಮೇಲೆ ಸರಿಸಿರುತ್ತದೆ. ತರಗತಿಯಲ್ಲಿ ಸದ್ದು ಆರಿಸಿ ನೋಡುವವರೇ ಹೆಚ್ಚಾದ್ದರಿಂದ ಮಾತನ್ನು ಅಕ್ಷರದಲ್ಲೂ ಹಾಕಬೇಕು. ಮಾತಾಡುವವರು ಎರಡನೇ ಪಿಯುಸಿಯ ಆಟಗಾರನೋ ಆಟಗಾರ್ತಿಯೋ ಆಗಿರಲಿ, ಅಧಿಕಾರಿಗಳು ಬೇಡ. ಹಿಂದಿಯಿಂದ ಡಬ್ ಮಾಡಿದ ಕನ್ನಡವಂತೂ ಬೇಡವೇ ಬೇಡ, ತುಟಿಗೂ ಮಾತಿಗೂ ತಾಳವಿಲ್ಲದ್ದನ್ನು ಹುಡುಗರು ನಕ್ಕು ಮುಗಿಸುತ್ತಾರೆ.

ವೇಳಾಪಟ್ಟಿ ಹೀಗಿರಬಹುದು. ಜುಲೈ–ಆಗಸ್ಟಿನಲ್ಲಿ ಚಳಿಯ ಮಾತು, ಹಾಸ್ಟೆಲ್ಲಿಗೆ ಹೊಸಬರು ಬಂದ ಹೊತ್ತು. ದಸರಾ ರಜೆಯ ಆಚೆಗೆ ಆಟದ ಮಾತು. ಡಿಸೆಂಬರ್–ಜನವರಿಯಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯಂಥ ಜಾತ್ರೆಗಳು. ಗೆಳೆಯರ ಗುಂಪು, ರಾತ್ರಿಯ ತಿರುಗಾಟ, ‘ಒಂದ್ಸಲ ನೋಡೋ’ ಎಂಬ ಒತ್ತಾಯ ಹೆಚ್ಚುವ ಕಾಲವದು. ಆಗ ಬೇಡ ಎನ್ನುವುದು ಹೇಗೆಂಬ ಮಾತು. ಪರೀಕ್ಷೆಗೆ ಮುಂಚಿನ ಆರು ವಾರ ‘ಟೆನ್ಷನ್ನಿಗೆ ಒಂದು’ ಎಂಬುದರ ಬಗ್ಗೆ. ಇದರ ಜೊತೆಗೇ ವರ್ಷಕ್ಕೆ 40 ನಿಮಿಷದ ಮೂರು ನಾಲ್ಕು ತರಗತಿ ನಡೆಯಲಿ. ಅಲ್ಲಿ ಭಾಷಣ ಬೇಡ. ಇಬ್ಬರು ಒತ್ತಾಯಿಸುವವರಾಗಿ, ಒಬ್ಬ ಬೇಡ ಎನ್ನುವವನಾಗಿ ಆಡಿ ತೋರಿಸಲಿ. ‘ಬೇಡ ಮಾರಾಯ, ನಾಳೆ ಮ್ಯಾಚಿದೆ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಾದವನಿಗೆ ಗೂಡಂಗಡಿಯ ಮುಂದೆ ತಡವರಿಕೆ ಕಡಿಮೆ.

ಯಾವುದನ್ನೂ ಅಚ್ಚು ಹಾಕಿಸುವ ಮೊದಲು ಹುಡುಗರ ಮುಂದಿಡಬೇಕು. 6ರಿಂದ 8 ಮಂದಿಯ ನಾಲ್ಕು ಗುಂಪು ಸಾಕು: ಪಿಯುಸಿ ಹುಡುಗರು, ಪಿಯುಸಿ ಹುಡುಗಿಯರು, ಐಟಿಐ, ಹಾಸ್ಟೆಲ್. ಉಪನ್ಯಾಸಕರು ಕೋಣೆಯ ಹೊರಗಿರಲಿ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ ಸಾರ್’ ಎಂಬ ಉತ್ತರ ಖಚಿತ, ಅದರಿಂದ ಕಲಿಯುವುದೇನೂ ಇಲ್ಲ. ‘ಇದನ್ನು ಗೆಳೆಯನಿಗೆ ಹೇಗೆ ಹೇಳ್ತೀಯ’ ಎಂದು ಕೇಳಿ. ಅವನು ಹೇಳಿದ್ದರಲ್ಲಿ ನಮ್ಮ ತಿರುಳು ಇಲ್ಲದಿದ್ದರೆ ತಪ್ಪು ತುಣುಕಿನದು.

ಅಳತೆಯನ್ನು ಜಾಥಾದ ತಲೆ ಎಣಿಸಿ ಮಾಡಲಾಗದು. ಶುರುವಿಗೆ ಮೊದಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಹೆಸರಿಲ್ಲದ ಹಾಳೆಯಲ್ಲಿ ಮೂರು ಪ್ರಶ್ನೆ. ಕಳೆದ 30 ದಿನದಲ್ಲಿ ಸೇದಿದ್ದೀಯಾ? ಆಪ್ತ ಗೆಳೆಯ ಕೊಟ್ಟರೆ ಸೇದುತ್ತೀಯಾ? ಇವುಗಳಲ್ಲಿ ಯಾವ ಜಾಹೀರಾತು ನೋಡಿದ್ದೀಯ? ಎರಡನೆಯದಕ್ಕೆ ನಾಲ್ಕು ಉತ್ತರ ಕೊಡಿ: ಖಂಡಿತ ಹೌದು, ಬಹುಶಃ ಹೌದು, ಬಹುಶಃ ಇಲ್ಲ, ಖಂಡಿತ ಇಲ್ಲ. ‘ಖಂಡಿತ ಇಲ್ಲ’ ಎಂದವನನ್ನು ಬಿಟ್ಟು ಉಳಿದ ಎಲ್ಲರೂ, ‘ಬಹುಶಃ ಇಲ್ಲ’ ಎಂದವನೂ, ಅಂಚಿನಲ್ಲಿದ್ದಾರೆ ಎಂದೇ ಲೆಕ್ಕ. ಮೊದಲ ವರ್ಷ ಸೇದುವವರ ಸಂಖ್ಯೆ ಅಲುಗದೆ ಇರಬಹುದು, ಮೊದಲು ಕರಗಬೇಕಾದ್ದು ಈ ಅಂಚಿನವರ ಪಾಲು. ಮೂರನೆಯ ಪ್ರಶ್ನೆಯ ಪಟ್ಟಿಯಲ್ಲಿ ಎಲ್ಲೂ ಪ್ರಸಾರವಾಗದ ಒಂದು ಸುಳ್ಳು ಜಾಹೀರಾತನ್ನೂ ಸೇರಿಸಿ. ಅದನ್ನೂ ನೋಡಿದ್ದೇವೆ ಎಂದವರೆಷ್ಟು ಎಂಬುದು ಉಳಿದ ಉತ್ತರಗಳನ್ನು ಎಷ್ಟು ನಂಬಬೇಕೆಂದು ತಿಳಿಸುತ್ತದೆ. ಮೊದಲ ವರ್ಷ ಎರಡು ತಾಲ್ಲೂಕಿನಲ್ಲಿ ಪ್ರಚಾರ ನಡೆಸಿ, ಇನ್ನೆರಡರಲ್ಲಿ ಬರೀ ಪ್ರಶ್ನೆ ಕೇಳಿ, ಎರಡನೇ ವರ್ಷ ಅಲ್ಲಿಗೂ ಒಯ್ದರೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ.

ಪತ್ರಿಕೆಗಳಿಂದಲೂ ಒಂದೆರಡು ಅಪೇಕ್ಷೆ. ಪಾನ್ ಮಸಾಲಾ, ಏಲಕ್ಕಿಯ ಹೆಸರಿನಲ್ಲಿ ತಂಬಾಕಿನ ಬ್ರಾಂಡನ್ನೇ ಹೊತ್ತು ಬರುವ ಪೂರ್ಣಪುಟದ ಜಾಹೀರಾತಿನ ಪಕ್ಕದಲ್ಲಿ ತಂಬಾಕು ರಹಿತ ದಿನದ ಸುದ್ದಿಗೆ ಯಾವ ಬೆಲೆಯೂ ಉಳಿಯುವುದಿಲ್ಲ. ಆ ಸುದ್ದಿಯ ಜೊತೆ ಹೊಗೆ ಸುರುಳಿಯ ಚಿತ್ರ ಹಾಕುವ ರೂಢಿ ನಿಲ್ಲಲಿ. ಜಾಥಾದ ಫೋಟೊ ಹಾಕುವ ಜಾಗದಲ್ಲಿ, ಕಳೆದ ವರ್ಷ ಜಿಲ್ಲೆಯಲ್ಲಿ ಬಿಡಿ ಮಾರಾಟಕ್ಕೆ ಹಾಕಿದ ದಂಡ ಎಷ್ಟು, 21 ಎಂದು ಬದಲಾದ ಫಲಕ ಎಷ್ಟು ಎಂಬ ಎರಡು ಅಂಕಿಗಳನ್ನು ಜಿಲ್ಲಾ ತಂಬಾಕು ನಿಯಂತ್ರಣ ಕೋಶದಿಂದ ಕೇಳಿ ಪಡೆದು, ತಾಲ್ಲೂಕುವಾರು ಅಚ್ಚು ಹಾಕಿರಿ.

ಇಂತು,
ತಂಬಾಕು ನಿಯಂತ್ರಣ ಪ್ರಚಾರದಲ್ಲಿ ತೊಡಗಿರುವ ಕೆಲವರು,
ಶಿವಮೊಗ್ಗ